ಸಂಯಮಕ್ಕಿಂತ ನಾವೀನ್ಯವೇ ಮೇಲೆಂಬ ಸೂತ್ರ: ಒಂದು ವಿಮರ್ಶೆ

2025ರ ನವೆಂಬರ್ ತಿಂಗಳಿನಲ್ಲಿ ಕೇಂದ್ರ ಸರ್ಕಾರದ ಇಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯವು ಕೃತಕ ಬುದ್ಧಿಮತ್ತೆಯ ಆಡಳಿತಕ್ಕೆ ಸಂಬಂಧಿಸಿದ ಮಾರ್ಗಸೂಚಿಯೊಂದನ್ನು ಪ್ರಕಟಿಸಿತು. ಮದರಾಸಿನ ಐ.ಐ.ಟಿ.ಯ ಪ್ರಾಧ್ಯಾಪಕ ಬಾಲರಾಮನ್ ರವೀಂದ್ರನ್ ಅವರ ಅಧ್ಯಕ್ಷತೆಯ ಸಮಿತಿಯು ಇದನ್ನು ಸಿದ್ಧಪಡಿಸಿತು. ಇದರ ತಳಹದಿ ಏಳು ತತ್ತ್ವಗಳು. ಅವುಗಳಿಗೆ ‘ಸೂತ್ರ’ಗಳೆಂದೇ ಹೆಸರಿಡಲಾಗಿದೆ. ವಿಶ್ವಾಸವೇ ಅಡಿಪಾಯ, ಮನುಷ್ಯನಿಗೆ ಮೊದಲ ಸ್ಥಾನ, ನ್ಯಾಯ ಮತ್ತು ಸಮತೆ, ಹೊಣೆಗಾರಿಕೆ, ಅರ್ಥವಾಗುವ ರಚನೆ, ಸುರಕ್ಷತೆ ಮತ್ತು ಬಾಳಿಕೆ ಎಂಬ ಆರರ ವಿಷಯದಲ್ಲಿ ವಿವಾದಕ್ಕೆ ಎಡೆಯಿಲ್ಲ. ಮೂರನೆಯ ಸೂತ್ರ ಮಾತ್ರ ಓದುಗನನ್ನು ತಡೆದು ನಿಲ್ಲಿಸುತ್ತದೆ. ಸಂಯಮಕ್ಕಿಂತ ನಾವೀನ್ಯಕ್ಕೆ ಆದ್ಯತೆ ಸಲ್ಲಬೇಕೆಂಬುದು ಅದರ ಸಾರ.

ಸಂಯಮವೆಂಬ ಶಬ್ದವನ್ನು ಬಾಲ್ಯದಿಂದಲೂ ಕೇಳುತ್ತ ಬಂದ ನಮ್ಮ ವಾಚಕರಿಗೆ ಈ ಸೂತ್ರವನ್ನು ಸುಮ್ಮನೆ ದಾಟಿಹೋಗಲು ಸಾಧ್ಯವಿಲ್ಲ. ಆದರೆ ಶಬ್ದವನ್ನು ಕಂಡೊಡನೆ ಕೆರಳುವುದೂ ವಿಚಾರವಂತರ ಲಕ್ಷಣವಲ್ಲ. ಖಂಡನೆಗೆ ಮೊದಲು ಪೂರ್ವಪಕ್ಷವನ್ನು ನ್ಯಾಯವಾಗಿ ನಿರೂಪಿಸುವುದು ವಿಹಿತ.

ಸಮಿತಿಯ ಮಾತು ಬರಿಯ ನಾವೀನ್ಯದ ಪರವಾದುದಲ್ಲ, ಹೊಣೆಯರಿತ ನಾವೀನ್ಯದ ಪರವಾದುದು. ‘ಉಳಿದೆಲ್ಲವೂ ಸಮವಾಗಿದ್ದಲ್ಲಿ’ ಎಂಬ ನಿಬಂಧನೆಯೂ ಅದಕ್ಕೆ ಉಂಟು. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆ, 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಮೊದಲಾದುವು ಇರುವಾಗ ಸದ್ಯಕ್ಕೆ ಪ್ರತ್ಯೇಕ ಕಾನೂನು ಬೇಡವೆಂದೂ, ಅವಘಡಗಳ ದಾಖಲೆಯನ್ನು ಇಡಬೇಕೆಂದೂ ಅದು ಹೇಳುತ್ತದೆ. ಕಾನೂನು ಭಾರವಾದಷ್ಟೂ ವಕೀಲರ ಪಡೆಯನ್ನು ಸಾಕಬಲ್ಲ ದೊಡ್ಡ ಸಂಸ್ಥೆಗಳೇ ಉಳಿದು, ಕನ್ನಡದಂತಹ ಭಾಷೆಗಳಿಗಾಗಿ ದುಡಿಯುವ ಸಣ್ಣ ಉದ್ಯಮಗಳು ನಲುಗುತ್ತವೆ ಎಂಬ ಭೀತಿಯೂ ನಿರಾಧಾರವಲ್ಲ.

ಐರೋಪ್ಯ ಒಕ್ಕೂಟದ ಅನುಭವವು ಈ ವಾದಕ್ಕೆ ಬಲ ನೀಡುತ್ತದೆ. ಅಲ್ಲಿ 2024ರ ಆಗಸ್ಟ್ 1ರಂದು ಜಾರಿಗೆ ಬಂದ ಕಾಯಿದೆಯು ಯಂತ್ರಗಳನ್ನು ಅಪಾಯದ ತಾರತಮ್ಯಕ್ಕೆ ಅನುಗುಣವಾಗಿ ವರ್ಗೀಕರಿಸಿದೆ. ಕೆಲವು ಬಳಕೆಗಳು ಪೂರ್ಣ ನಿಷಿದ್ಧ. ಅವುಗಳನ್ನು ಉಲ್ಲಂಘಿಸಿದವರಿಗೆ 3.5 ಕೋಟಿ ಯೂರೋ ಅಥವಾ ಜಾಗತಿಕ ವಹಿವಾಟಿನ ಶೇಕಡಾ 7, ಇವುಗಳಲ್ಲಿ ಹೆಚ್ಚಿನದರವರೆಗೆ ದಂಡ. ವಿಂಗಡಣೆಯೇನೋ ವಿವೇಕಪೂರ್ಣವೇ. ಆದರೆ ಪಾಲಿಸಬೇಕಾದ ತಾಂತ್ರಿಕ ಮಾನದಂಡಗಳು ಸಕಾಲಕ್ಕೆ ಸಿದ್ಧವಾಗಲಿಲ್ಲ. ಹೆಚ್ಚಿನ ಅಪಾಯದ ಯಂತ್ರಗಳಿಗೆ ಸಂಬಂಧಿಸಿದ ಕಟ್ಟಳೆಗಳನ್ನು ಮುಂದೂಡುವ ಪ್ರಸ್ತಾವವನ್ನು 2025ರ ನವೆಂಬರ್‌ನಲ್ಲಿ ಐರೋಪ್ಯ ಆಯೋಗವೇ ಮಂಡಿಸಬೇಕಾಯಿತು. ಅಳತೆಗೋಲು ಕೈಗೆ ಬರುವ ಮುನ್ನವೇ ಅಳತೆ ತಪ್ಪಿದವರಿಗೆ ದಂಡ ಗೊತ್ತುಮಾಡಿದಂತಾಯಿತು. ಇಷ್ಟು ಪೂರ್ವಪಕ್ಷ.

ಇನ್ನು ನಮ್ಮ ಆಕ್ಷೇಪಗಳು. ಮೊದಲನೆಯದು ಆ ನಿಬಂಧನೆಯನ್ನೇ ಕುರಿತದ್ದು. ಉಳಿದೆಲ್ಲವೂ ಸಮವಾಗಿರುವುದು ಎಂದು, ಎಲ್ಲಿ? ಹೊಸ ಯಂತ್ರದಿಂದ ಲಾಭ ಒಬ್ಬನಿಗೆ, ಅದು ತಪ್ಪಿದರೆ ಹಾನಿ ಮತ್ತೊಬ್ಬನಿಗೆ. ನೆದರ್ಲೆಂಡ್ಸ್ ದೇಶದಲ್ಲಿ ನಡೆದುದು ಇದೇ. ಮಕ್ಕಳ ಪಾಲನೆಗಾಗಿ ಸರ್ಕಾರ ಕೊಡುತ್ತಿದ್ದ ಸಹಾಯಧನದಲ್ಲಿ ವಂಚನೆಯನ್ನು ಪತ್ತೆಮಾಡಲು ಅಲ್ಲಿಯ ತೆರಿಗೆ ಇಲಾಖೆಯು ಗಣಕಯಂತ್ರದ ಅಪಾಯ ಸೂಚಿಯನ್ನು ಬಳಸಿತು. ಅರ್ಜಿದಾರನು ಆ ದೇಶದ ಪ್ರಜೆಯೇ ಅಲ್ಲವೇ ಎಂಬುದೂ ಸಂದೇಹಕ್ಕೆ ಕಾರಣವಾಗುತ್ತಿತ್ತು. ಸಾವಿರಾರು ಕುಟುಂಬಗಳು ಮಾಡದ ತಪ್ಪಿಗೆ ಸಾಲಗಾರರಾದವು. 2021ರ ಜನವರಿಯಲ್ಲಿ ಮಂತ್ರಿಮಂಡಲವೇ ರಾಜೀನಾಮೆ ಕೊಟ್ಟಿತು. ಆದರೆ ಮನೆ ಕಳೆದುಕೊಂಡ ತಾಯಿಯ ಆ ವರ್ಷಗಳನ್ನು ಯಾವ ರಾಜೀನಾಮೆ ಮರಳಿಸೀತು? ಆ ತಾಯಿ ಹಾಗೂ ಆ ಯಂತ್ರವನ್ನು ಬಳಸಿದವರು ತಕ್ಕಡಿಯಲ್ಲಿ ಎಂದೂ ಸಮವಾಗಿರಲಿಲ್ಲ. ಎಲ್ಲವೂ ಸಮವಾದಾಗ ಮಾತ್ರ ಅನ್ವಯಿಸುವ ಸೂತ್ರವು ನಿಜವಾದ ಸಂಕಟದ ಗಳಿಗೆಯಲ್ಲಿ ಮೌನ ತಾಳುತ್ತದೆ.

ಎರಡನೆಯ ಆಕ್ಷೇಪ ಇನ್ನೂ ಮೂಲಭೂತವಾದುದು. ಸಂಯಮವೂ ನಾವೀನ್ಯವೂ ಪರಸ್ಪರ ವೈರಿಗಳೆಂದು ಈ ಸೂತ್ರ ಮೊದಲೇ ಒಪ್ಪಿಕೊಂಡಿದೆ. ಔಷಧಗಳ ಇತಿಹಾಸವು ಇದಕ್ಕೆ ಸಮ್ಮತಿಸುವುದಿಲ್ಲ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಥ್ಯಾಲಿಡೊಮೈಡ್ ಎಂಬ ಔಷಧವನ್ನು ಗರ್ಭಿಣಿಯರೂ ಸೇವಿಸಿದರು. ಅದರ ಫಲವಾಗಿ ಅನೇಕ ದೇಶಗಳಲ್ಲಿ ಸಾವಿರಾರು ಶಿಶುಗಳು ಅಂಗವೈಕಲ್ಯದೊಡನೆ ಜನಿಸಿದವು. ಅಮೆರಿಕದಲ್ಲಿ ಫ್ರಾನ್ಸಿಸ್ ಕೆಲ್ಸಿ ಎಂಬ ಅಧಿಕಾರಿಣಿಯು ಸಾಕಷ್ಟು ಪುರಾವೆಯಿಲ್ಲವೆಂದು ಅದಕ್ಕೆ ಪರವಾನಗಿ ಕೊಡಲಿಲ್ಲ. ತಯಾರಕರ ಒತ್ತಡಕ್ಕೂ ಆಕೆ ಮಣಿಯಲಿಲ್ಲ. 1962ರಲ್ಲಿ, ಔಷಧವು ಫಲಕಾರಿಯೆಂದು ಮಾರಾಟಕ್ಕೆ ಮುನ್ನವೇ ಸಾಧಿಸಿ ತೋರಿಸಬೇಕೆಂಬ ಕಾನೂನು ಅಲ್ಲಿ ಬಂದಿತು. ಔಷಧ ಸಂಶೋಧನೆಯು ಇದರಿಂದ ಸಾಯಲಿಲ್ಲ, ಪರೀಕ್ಷೆಯ ಶಿಸ್ತನ್ನು ಕಲಿಯಿತು. ಕಾನೂನಿನಿಂದ ವಿಳಂಬವಾಗುತ್ತಿದೆಯೆಂಬ ದೂರುಗಳೂ ಬಂದವು. ಏಡ್ಸ್ ರೋಗಿಗಳ ಆರ್ತ ಕೂಗಿನ ತರುವಾಯ, 1992ರಲ್ಲಿ ಮಾರಕ ರೋಗಗಳ ಔಷಧಗಳಿಗೆ ತ್ವರಿತ ಅನುಮೋದನೆಯ ಮಾರ್ಗವನ್ನು ತೆರೆಯಲಾಯಿತು. ಸಂಯಮವು ಅನುಭವದಿಂದ ತನ್ನನ್ನು ತಾನೇ ತಿದ್ದಿಕೊಂಡಿತೇ ಹೊರತು ಪದತ್ಯಾಗ ಮಾಡಲಿಲ್ಲ. ನಾವು ಇಂದು ಮಾತ್ರೆಯೊಂದನ್ನು ನಿಶ್ಚಿಂತೆಯಿಂದ ನುಂಗುವುದು ಇಂತಹ ಸಂಯಮದ ಋಣದಿಂದಲೇ.

ಸಂಯಮವೆಂದರೆ ನಿಂತುಬಿಡುವುದಲ್ಲ. ಈರ್ಯಾಸಮಿತಿಯು ಮುನಿಗೆ ನಡೆಯಬೇಡವೆಂದು ವಿಧಿಸುವುದಿಲ್ಲ. ನಾಲ್ಕು ಮೊಳ ಮುಂದಿನ ನೆಲವನ್ನು ನೋಡಿಕೊಂಡು ನಡೆಯೆಂದು ವಿಧಿಸುತ್ತದೆ. ಮುನಿಗಳು ಈ ನಿಯಮದೊಡನೆಯೇ ದೇಶವನ್ನೆಲ್ಲ ಸಂಚರಿಸಿದ್ದಾರೆ. ನೆಲವನ್ನು ನೋಡಿ ನಡೆಯುವುದಕ್ಕೂ ನಡೆಯದೆ ಇರುವುದಕ್ಕೂ ವ್ಯತ್ಯಾಸವನ್ನು ಅರಿಯದ ಸೂತ್ರವು ‘ಸಂಯಮ’ವೆಂದು ಬರೆದು ‘ಸ್ತಂಭನ’ವೆಂದು ಭಾವಿಸಿದೆ ಎನ್ನದೆ ಗತ್ಯಂತರವಿಲ್ಲ.

ಮೂರನೆಯ ಆಕ್ಷೇಪ, ಸ್ವಯಂಪ್ರೇರಿತ ಪಾಲನೆಯ ಮೇಲೆ ಮಾರ್ಗಸೂಚಿ ಇರಿಸಿರುವ ಅತಿಯಾದ ಭರವಸೆಯನ್ನು ಕುರಿತದ್ದು. ವ್ರತವನ್ನು ತಾನಾಗಿಯೇ ಕೈಕೊಂಡವನಿಗೆ ಕಾನೂನು ಬೇಡ, ನಿಜ. ಆದರೆ ಕಾನೂನು ಇರುವುದು ವ್ರತಿಗಳಿಗಾಗಿ ಅಲ್ಲ. ಸರ್ಕಾರವೂ ಇದನ್ನು ಬಲ್ಲದು. ಯಂತ್ರವು ಸೃಷ್ಟಿಸಿದ ಹುಸಿ ಚಿತ್ರ, ಹುಸಿ ಧ್ವನಿಗಳ ಹಾವಳಿ ಹೆಚ್ಚಿದಾಗ, ಅಂಥವುಗಳ ಮೇಲೆ ಗುರುತು ಹಾಕಬೇಕೆಂಬ ನಿಯಮವನ್ನು 2026ರ ಫೆಬ್ರವರಿಯಲ್ಲಿ ಅದೇ ಸಚಿವಾಲಯವು ಕಡ್ಡಾಯಗೊಳಿಸಿತು. ಮಾರ್ಗಸೂಚಿ ಹೊರಟ ಮೂರೇ ತಿಂಗಳಲ್ಲಿ ಸಂಯಮದ ಅಗತ್ಯ ಎದುರಾಯಿತು. ಇದನ್ನು ನಾವು ಹಳಿಯುತ್ತಿಲ್ಲ. ಆಚರಣೆಯು ಸೂತ್ರಕ್ಕಿಂತ ವಿವೇಕಯುತವಾಗಿತ್ತೆಂದಷ್ಟೇ ಹೇಳುತ್ತೇವೆ.

ಈ ಚರ್ಚೆ ದೆಹಲಿಯದು, ನಮಗೇಕೆ ಎಂದು ಬಸದಿಗಳ ಆಡಳಿತ ಮಂಡಳಿಗಳು ಭಾವಿಸಬಾರದು. ಸಮಾಧಿ ಹೊಂದಿದ ಮುನಿಗಳೊಬ್ಬರ ಧ್ವನಿಯನ್ನು ಯಂತ್ರದಿಂದ ಮರುಸೃಷ್ಟಿಸಿ, ಹೊಸ ಪ್ರವಚನಗಳನ್ನು ಕೇಳಿಸೋಣವೆಂದು ನಾಳೆ ಉತ್ಸಾಹಿ ತರುಣನೊಬ್ಬ ಬಂದಾನು. ಅವನ ಭಕ್ತಿಯಲ್ಲಿ ಕಪಟವಿರಲಾರದು. ಆದರೆ ಅವರು ಎಂದೂ ಆಡದ ಮಾತನ್ನು ಅವರ ಕಂಠದಿಂದ ಆಡಿಸುವುದು ಸತ್ಯವ್ರತಕ್ಕೆ ಹೊಂದೀತೇ? ಗುರುತು ಹಾಕಿಬಿಟ್ಟರೆ ಕಾನೂನಿಗೆ ಸಾಕಾದೀತು, ನಮಗೆ ಸಾಕೇ? ದಾನಿಗಳ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳನ್ನು ಯಾವುದೋ ಯಂತ್ರಕ್ಕೆ ಉಣಿಸುವ ಮುನ್ನ ಅವರನ್ನು ಒಂದು ಮಾತು ಕೇಳಿದ್ದೇವೆಯೇ? ಯಂತ್ರ ತಪ್ಪಿದಾಗ ಉತ್ತರ ಹೇಳುವವರು ಯಾರೆಂದು ಮೊದಲೇ ಗೊತ್ತುಮಾಡಿದ್ದೇವೆಯೇ? ಈ ಪ್ರಶ್ನೆಗಳನ್ನು ಕೇಳುವ ಮಂಡಳಿಯು ಹೊಸದನ್ನು ವಿರೋಧಿಸಿದಂತಾಗುವುದಿಲ್ಲ.

ಸೂತ್ರಕ್ಕೆ ಭಾಷ್ಯ ಬೇಕೆಂಬುದು ನಮ್ಮ ಪರಂಪರೆ. ತತ್ತ್ವಾರ್ಥಸೂತ್ರಕ್ಕೆ ಪೂಜ್ಯಪಾದರು ಸರ್ವಾರ್ಥಸಿದ್ಧಿಯನ್ನು ರಚಿಸಿದರು. ಈ ಮೂರನೆಯ ಸೂತ್ರಕ್ಕೆ ಭಾಷ್ಯ ಬರೆಯುವ ಅವಕಾಶ ಸರ್ಕಾರಕ್ಕೆ ಇನ್ನೂ ಇದೆ. ಹಾನಿ ಅಲ್ಪವಾಗಿ, ತಿದ್ದಿಕೊಳ್ಳಲು ಸಾಧ್ಯವಿರುವಲ್ಲಿ ಹೊಸದಕ್ಕೆ ದಾರಿ ಬಿಡಲಿ. ಪಿಂಚಣಿ, ಪಡಿತರ, ಚಿಕಿತ್ಸೆ, ಸೆರೆ ಇವು ಯಂತ್ರದ ತೀರ್ಪಿಗೆ ಒಳಪಡುವಲ್ಲಿ ಪರೀಕ್ಷೆ ಮೊದಲು, ಬಳಕೆ ಅನಂತರ ಎಂದಾಗಲಿ. ಹಾಗೆ ಬರೆದಲ್ಲಿ ಸೂತ್ರದ ‘ಸಂಯಮಕ್ಕಿಂತ’ ಎಂಬ ಪದವು ‘ಸಂಯಮದೊಡನೆ’ ಎಂದು ಮಾರ್ಪಡುತ್ತದೆ. ಬದಲಾಗುವುದು ಒಂದು ವಿಭಕ್ತಿ ಮಾತ್ರ. ಆದರೆ ಯಂತ್ರದೆದುರು ಅರ್ಜಿ ಹಿಡಿದು ನಿಂತ ಬಡವನಿಗೆ ಅದು ಬದುಕಿನ ಪ್ರಶ್ನೆ.