ಕೆಂಪುಕೋಟೆಯ ಆಚೆಗಿನ ಸಿಪಾಯಿಗಳು

1945ರ ನವೆಂಬರಿನಲ್ಲಿ ದೆಹಲಿಯ ಕೆಂಪುಕೋಟೆಯೊಳಗೆ ನೇತಾಜಿ ಸುಭಾಷ್‌ಚಂದ್ರ ಬೋಸರ ಸೇನೆಯಾದ ಆಜಾದ್ ಹಿಂದ್ ಫೌಜಿನ ಅಧಿಕಾರಿಗಳ ವಿಚಾರಣೆ ಆರಂಭವಾಯಿತು. ಕಟಕಟೆಯಲ್ಲಿದ್ದವರು ಶಾ ನವಾಜ್ ಖಾನ್, ಪ್ರೇಮ್ ಸೆಹಗಲ್, ಗುರುಬಕ್ಷ್ ಸಿಂಗ್ ಧಿಲ್ಲೋನ್. ಅವರ ಪರ ವಕೀಲ ಭೂಲಾಭಾಯಿ ದೇಸಾಯಿಯವರ ವಾದ ಪಠ್ಯಪುಸ್ತಕಗಳಿಗೆ ಬಂತು. ಬಿಡುಗಡೆಯಾದ ಮೇಲೆ ಈ ಯೋಧರು ಹೇಗೆ ಬಾಳಿದರು ಎಂದು ಕೇಳಿದವರು ಕಡಿಮೆ. ಸ್ವತಂತ್ರ ಭಾರತದ ಸೇನೆ ಕೂಡ ಅವರನ್ನು ಮರಳಿ ಸೇರಿಸಿಕೊಳ್ಳಲಿಲ್ಲ.

ಆ ಪ್ರಶ್ನೆಯನ್ನು ಬಿಡದೆ ಹಿಡಿದವರು ದೆಹಲಿಯಲ್ಲಿ ಓದಿದ ಚಿತ್ರನಿರ್ದೇಶಕ ಕಬೀರ್ ಖಾನ್. ಧಿಲ್ಲೋನ್ ಮತ್ತು ಅದೇ ಫೌಜಿನ ಕ್ಯಾಪ್ಟನ್ ಲಕ್ಷ್ಮಿ ಸೆಹಗಲ್ ಅವರನ್ನು ಕರೆದುಕೊಂಡು ಫೌಜು ನಡೆದ ಹಾದಿಯಲ್ಲೇ ಸಾಗಿ ಮೊದಲು ಸಾಕ್ಷ್ಯಚಿತ್ರ ಮಾಡಿದರು. ಅದೇ ವಸ್ತು 2020ರಲ್ಲಿ ‘ದ ಫರ್ಗಾಟನ್ ಆರ್ಮಿ’ ಎಂಬ ಐದು ಕಂತಿನ ಧಾರಾವಾಹಿಯಾಯಿತು.

ಯುದ್ಧದ ದೃಶ್ಯಗಳು ಅದ್ದೂರಿಯಾಗಿವೆ, ಕೆಲವೆಡೆ ಅಬ್ಬರವೂ ಹೆಚ್ಚು. ನನ್ನನ್ನು ಹಿಡಿದು ಕೂರಿಸಿದ್ದು ಮಾತ್ರ 1996ರ ಕಥಾಭಾಗ, ಅದರಲ್ಲಿನ ಫೌಜಿನ ಹಳೆಯ ಯೋಧ, ಮುದುಕ ಸೋಧಿ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಪಳಗಿದ ಎಂ.ಕೆ. ರೈನಾ ಆ ಪಾತ್ರ ಮಾಡಿದ್ದಾರೆ. ಎಂಥ ಸಂಯಮ! ಅಯ್ಯೋ ಪಾಪ ಅನ್ನಿಸಿಕೊಳ್ಳಲು ಅವರು ಎಲ್ಲೂ ಹವಣಿಸುವುದಿಲ್ಲ. ತರುಣ ಸೋಧಿಯಾದ ಸನ್ನಿ ಕೌಶಲ್ ಅವರ ಬಿಸಿರಕ್ತಕ್ಕೆ ಈ ಮೌನ ಎದುರುನಿಂತಾಗ, ನಡುವಿನ ಐವತ್ತು ವರ್ಷ ಯಾರೂ ವಿವರಿಸದೆಯೇ ತಿಳಿದುಬಿಡುತ್ತದೆ.

ನಿಜಜೀವನದಲ್ಲಿ ಧಿಲ್ಲೋನ್ ಮಧ್ಯಪ್ರದೇಶದ ಶಿವಪುರಿಯ ಕಡೆ ನೆಲೆಸಿದರು. ಲಕ್ಷ್ಮಿ ಸೆಹಗಲ್ ಕಾನ್ಪುರದಲ್ಲಿ ಇಳಿವಯಸ್ಸಿನವರೆಗೂ ಬಡವರಿಗೆ ಚಿಕಿತ್ಸೆ ಕೊಟ್ಟರು.

ಧಾರಾವಾಹಿ ನೋಡಿ. ದೆಹಲಿಗೆ ಹೋದಾಗ ಕೆಂಪುಕೋಟೆಯಲ್ಲಿ 2019ರಲ್ಲಿ ತೆರೆದ ನೇತಾಜಿ ಸಂಗ್ರಹಾಲಯಕ್ಕೂ ಒಂದಿಷ್ಟು ಹೊತ್ತು ಮೀಸಲಿಡಿ.