ಕೈಬಿಟ್ಟ ಪಾಠ

ಹತ್ತನೆಯ ತರಗತಿಯ ವಿಜ್ಞಾನ ಪಠ್ಯದಲ್ಲಿ ‘ಶಕ್ತಿಯ ಆಕರಗಳು’ ಎಂಬ ಅಧ್ಯಾಯವೊಂದಿತ್ತು. ಕನ್ನಡಕ್ಕೆ ಬಂದು ನಮ್ಮ ಪ್ರೌಢಶಾಲೆಗಳಲ್ಲಿಯೂ ಅದು ಬೋಧಿತವಾಯಿತು. ವಿದ್ಯಾರ್ಥಿಗಳ ಹೊರೆಯನ್ನು ಇಳಿಸುವ ಕಾರಣವನ್ನು ಮುಂದಿಟ್ಟು ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತು 2023ರ ಮುದ್ರಣದಲ್ಲಿ ಅದನ್ನು ಕೈಬಿಟ್ಟಿತು. ಕೊರೋನಾ ಕಾಲದ ತೊಡಕುಗಳು ನಮಗೆ ತಿಳಿಯದವಲ್ಲ. ಆದರೆ ಒಕ್ಕಲುಮನೆಯ ಮಗುವಿಗೆ ಹತ್ತಿರವಾಗಿದ್ದ ಪಾಠವೇ ಹೊರೆಯಾಗಿ ಕಂಡದ್ದು ಸೋಜಿಗದ ಸಂಗತಿ.

ಹಾಗೆಂದು ಆ ಅಧ್ಯಾಯವು ನಿರ್ದೋಷವಾಗಿತ್ತೆನ್ನಲಾಗದು. ಗೋಬರ್ ಅನಿಲ ಸ್ಥಾವರದ ಚಿತ್ರವಿತ್ತು. ಅನಿಲದಲ್ಲಿ ಶೇಕಡಾ 75ರವರೆಗೆ ಮೀಥೇನ್ ಇರುವುದೆಂಬ ವಿವರವಿತ್ತು. ಉಳಿದ ಬಗ್ಗಡವು ಉತ್ತಮ ಗೊಬ್ಬರವೆಂಬ ಮಾತೂ ಇತ್ತು. ಅಷ್ಟಕ್ಕೆ ಮುಗಿಯಿತು. ವಿದ್ಯಾರ್ಥಿಯು ಚಿತ್ರ ಬರೆದು, ಭಾಗಗಳನ್ನು ಗುರುತಿಸಿ, ಅಂಕ ಪಡೆಯುತ್ತಿದ್ದನು. 2 ಘನ ಮೀಟರಿನ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕಿಲೋ ಹಸಿ ಸಗಣಿ, ಹೆಚ್ಚುಕಡಿಮೆ ಅಷ್ಟೇ ನೀರು ಬೇಕು. ಅಂದರೆ ಕೊಟ್ಟಿಗೆಯಲ್ಲಿ ನಾಲ್ಕೈದು ರಾಸುಗಳಿರಬೇಕು. ಚಳಿಗಾಲದಲ್ಲಿ ಅನಿಲದ ಉತ್ಪತ್ತಿ ಕುಗ್ಗುವುದು. ಈ ಲೆಕ್ಕವು ಪುಸ್ತಕದಲ್ಲಿರಲಿಲ್ಲ. (ಪಟ್ಟಣದಲ್ಲಿ ಕುಳಿತು ಪಠ್ಯ ರಚಿಸುವವರಿಗೆ ಸಗಣಿಯ ತೂಕ ತಿಳಿಯದಿರುವುದು ಸಹಜವೇ.) ಎರಡೇ ರಾಸುಗಳಿರುವ ಮನೆಯ ಹುಡುಗನಿಗೆ, ಸ್ಥಾವರವು ತನ್ನ ಹಿತ್ತಿಲಿಗೆ ಹೊಂದುವುದೋ ಇಲ್ಲವೋ ಎಂದು ನಿರ್ಣಯಿಸಲು ಬೇಕಾದದ್ದು ಈ ಲೆಕ್ಕವೇ.

ಇಂಥ ಲೆಕ್ಕದ ದೊಡ್ಡ ನಿದರ್ಶನವು ನಮ್ಮ ನಾಡಿನಲ್ಲಿಯೇ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು 1974ರಲ್ಲಿ ಆರಂಭಿಸಿದ ‘ಅಸ್ತ್ರ’ ಕೇಂದ್ರವು ಕುಣಿಗಲ್ ತಾಲೂಕಿನ ಪುರ ಗ್ರಾಮದಲ್ಲಿ ಊರಿಗೆಲ್ಲ ಒಂದು ಸ್ಥಾವರವನ್ನು ಕಟ್ಟಿಸಿತು. ಮೊದಲ ಉದ್ದೇಶ ಅಡುಗೆಯ ಅನಿಲ. ಊರಿನ ಸಗಣಿಯೆಲ್ಲ ಸೇರಿದರೂ ಎಲ್ಲ ಒಲೆಗಳಿಗೆ ಅದು ಸಾಲದಾಯಿತು. ತಜ್ಞರು ಹಟ ಹಿಡಿಯಲಿಲ್ಲ. ಊರವರಿಗೆ ಬೇಕಾದದ್ದು ಕುಡಿಯುವ ನೀರೆಂದು ಅರಿತು, 1987ರಿಂದ ಅದೇ ಅನಿಲಕ್ಕೆ ಸ್ವಲ್ಪ ಡೀಸೆಲ್ ಕೂಡಿಸಿ ಎಂಜಿನ್ ನಡೆಸಿ ವಿದ್ಯುತ್ತನ್ನು ಪಡೆದರು. ಮನೆಗಳಲ್ಲಿ ದೀಪ ಬೆಳಗಿತು, ನಲ್ಲಿಯಲ್ಲಿ ನೀರು ಬಂತು. ಸಗಣಿ ತಂದವರಿಗೆ ಅದರ ಪ್ರಮಾಣಕ್ಕನುಸಾರವಾಗಿ ಬಗ್ಗಡವು ಹಿಂದಿರುಗಿ ಹೊಲ ಸೇರುತ್ತಿತ್ತು. ಹಲವು ವರ್ಷ ನಡೆದು ಆ ಪ್ರಯೋಗವು ನಿಂತಿತು. ಅದು ಏಕೆ ನಿಂತಿತೆಂಬ ಪ್ರಶ್ನೆಯೂ ವಿದ್ಯಾರ್ಥಿಗೆ ಒಳ್ಳೆಯ ಪಾಠವೇ.

ಆದ್ದರಿಂದ ಕೈಬಿಟ್ಟ ಅಧ್ಯಾಯವನ್ನು ಇದ್ದಂತೆಯೇ ಮರಳಿ ಸೇರಿಸಿರೆಂದು ನಾವು ಕೇಳುವುದಿಲ್ಲ. ಕೃಷಿಯೂ ಶಕ್ತಿಯೂ ಒಂದೇ ಪಾಠದಲ್ಲಿ ಕೂಡಿ ಬರಬೇಕು. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಪ್ರೌಢಶಾಲೆಗಳಲ್ಲಿ ಉಪಾಧ್ಯಾಯರಾಗಿದ್ದಾರೆ. ಅವರು ಪಠ್ಯದ ದಾರಿ ಕಾಯದೆ, ಮಕ್ಕಳಿಂದ ಒಂದು ವಾರ ತಮ್ಮ ತಮ್ಮ ಕೊಟ್ಟಿಗೆಯ ಸಗಣಿಯನ್ನು ತೂಗಿಸಲಿ. ಎಷ್ಟು ಒಲೆ, ಎಷ್ಟು ದೀಪ, ಎಷ್ಟು ಗೊಬ್ಬರವೆಂದು ಮಕ್ಕಳೇ ಗುಣಿಸಿ ನೋಡಲಿ.