ಫ್ಲಾನೆಲ್ ಬೋರ್ಡಿನ ಕೈಚಳಕ

ಬೇಸಿಗೆ ರಜೆ ಬಂತೆಂದರೆ ಬೆಂಗಳೂರಿನ ಚರ್ಚುಗಳಲ್ಲಿ ವಿಬಿಎಸ್ ಗದ್ದಲ. ವೆಕೇಶನ್ ಬೈಬಲ್ ಸ್ಕೂಲ್ ಎಂದು ಪೂರ್ತಿ ಹೆಸರು ಹೇಳುವವರು ಕಡಿಮೆ. 1901ರಲ್ಲಿ ನ್ಯೂಯಾರ್ಕಿನ ಬೀದಿ ಮಕ್ಕಳಿಗಾಗಿ ರಾಬರ್ಟ್ ಬೋವಿಲ್ ಎಂಬ ಪಾದ್ರಿ ನಡೆಸಿದ ರಜಾ ಶಾಲೆಗಳ ಸಂತತಿ ಇದು. ಹಾಡು, ಕುಣಿತ, ಶರಬತ್ತು ಎಲ್ಲ ಇದ್ದದ್ದೇ. ನನ್ನ ಕಣ್ಣು ಮಾತ್ರ ಫ್ಲಾನೆಲ್ ಬೋರ್ಡಿನಲ್ಲಿ ಕಥೆ ಹೇಳುವ ಅಕ್ಕಂದಿರ ಕೈ ಮೇಲೆ. ಸಂಬಳವಿಲ್ಲ, ಆಫೀಸಿಗೆ ರಜೆ ಹಾಕಿ ಬಂದವರೂ ಇರುತ್ತಾರೆ.

ಹಲಗೆಗೆ ಬಿಗಿದ ಫ್ಲಾನೆಲ್ ಬಟ್ಟೆ. ಕಾಗದದ ಗೊಂಬೆಗಳ ಬೆನ್ನಿಗೂ ಅದೇ ಬಟ್ಟೆಯ ತುಂಡು. ಗೋಂದಿಲ್ಲ, ಪಿನ್ನಿಲ್ಲ, ಜುಂಗು ಜುಂಗನ್ನು ಹಿಡಿದುಕೊಳ್ಳುತ್ತದೆ. ಹಲಗೆಯನ್ನು ನೆಟ್ಟಗೆ ನಿಲ್ಲಿಸಿದರೆ ಕೆಟ್ಟಿತು, ತುಸು ಹಿಂದಕ್ಕೆ ಒರಗಿಸಬೇಕು. ಫ್ಯಾನಿನ ಗಾಳಿ ಬಡಿಯಬಾರದು (ಏಪ್ರಿಲ್ ಸೆಕೆಯಲ್ಲಿ ಇದೇನು ಸಣ್ಣ ತ್ಯಾಗವಲ್ಲ). ಗೊಂಬೆಯನ್ನು ಬೆರಳಲ್ಲಿ ಚುಚ್ಚುವುದಿಲ್ಲ, ಅಂಗೈಯಿಂದ ಒತ್ತಿ ಮೆಲ್ಲಗೆ ಸವರುತ್ತಾರೆ.

ಯೇಸುವನ್ನು ನೋಡಲು ಮರ ಹತ್ತಿದ ಜಕ್ಕಾಯನ ಬೈಬಲ್ ಕಥೆಯನ್ನೇ ನೋಡಿ. ಮೊದಲು ಮರ. ಆಮೇಲೆ ಜನಜಂಗುಳಿ, ಅದೆಲ್ಲ ಒಂದೇ ತುಂಡು. ಕುಳ್ಳ ಜಕ್ಕಾಯನನ್ನು ಅದರ ಹಿಂದೆ ಅಡಗಿಸಿಟ್ಟು, ಸರಕ್ಕನೆ ಎಳೆದು ಕೊಂಬೆಗೆ ಏರಿಸುವ ಗಳಿಗೆ ಇದೆಯಲ್ಲ! ಅಷ್ಟೂ ಹೊತ್ತು ಮುಖ ಮಕ್ಕಳ ಕಡೆಗೇ, ಕೈ ಮಾತ್ರ ಹಿಂದಕ್ಕೆ. ಗೊಂಬೆಗಳು ಹಳೆಯ ನೋಟ್‌ಬುಕ್ಕಿನ ಹಾಳೆಗಳ ನಡುವೆ, ಬರಬೇಕಾದ ಕ್ರಮದಲ್ಲೇ ಕೂತಿರುವುದರಿಂದ ಹುಡುಕಾಟವೇ ಇಲ್ಲ.

ಈಗ ಪ್ರೊಜೆಕ್ಟರ್ ಬಂದಿದೆ. ಬಣ್ಣ ಹೆಚ್ಚು, ಸದ್ದು ಹೆಚ್ಚು. ಆದರೆ ಪರದೆಯ ಜಕ್ಕಾಯನನ್ನು "ನಾನು ಇಳಿಸ್ಲಾ ಅಕ್ಕಾ?" ಎಂದು ಯಾವ ಮಗುವೂ ಕೇಳುವ ಹಾಗಿಲ್ಲ. ಇಲ್ಲಿ ಕೇಳಬಹುದು. ಅಕ್ಕ ಹೂಂ ಅಂದರೆ ಮುಂದಿನ ಸಾಲಿನಲ್ಲಿ ಜಗಳ ಖಾತ್ರಿ.